ಏರು ಹತ್ತದ ಖಾಲಿ ಟ್ಯಾಂಕರ್

ನಮ್ಮ ಊರಿನಲ್ಲಿ ಇನ್ನೊಬ್ಬರ ದುಡ್ಡು ಭಾರವಾಗುತ್ತದೆ. ಹೊರಗಿನಿಂದ ಬಂದವರು ಇದೇನೋ ಗಾದೆ ಅಂದುಕೊಳ್ಳುತ್ತಾರೆ. ನಾಲ್ಕು ದಿನ ಇದ್ದರೆ ಅವರಿಗೂ ಗೊತ್ತಾಗುತ್ತದೆ. ಗಿರಾಕಿಗೆ ಚಿಲ್ಲರೆ ವಾಪಸ್ ಕೊಡುವುದನ್ನು ಅಂಗಡಿಯವನು ಮರೆತನೋ, ಮಾರನೆಯ ಬೆಳಿಗ್ಗೆ ಅವನ ಗಲ್ಲಾದ ಡ್ರಾಯರು ಎಳೆದರೂ ಬರುವುದಿಲ್ಲ. ಕೈಗಡ ತಂದ ನೋಟನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರು ತಿಂಗಳು ಕಳೆಯುವಷ್ಟರಲ್ಲಿ ಒಂದು ಕಡೆಗೆ ವಾಲಿಕೊಂಡು ನಡೆಯುತ್ತಾರೆ. ದಿನ ಕಳೆದಷ್ಟೂ ಭಾರ ಹೆಚ್ಚು. ಯಾರ ದುಡ್ಡೋ ಅವರು ಬಂದು ಎತ್ತಿದರೆ ಮಾತ್ರ ಹೂವಿನಂತೆ ಎದ್ದು ಬರುತ್ತದೆ. ಹೀಗಾಗಿ ನಮ್ಮಲ್ಲಿ ಟೈಲರುಗಳು ಯಾರ ಜೇಬಿಗಾದರೂ ಎರಡು ಹೊಲಿಗೆ ಜಾಸ್ತಿಯೇ ಹಾಕುತ್ತಾರೆ, ಬೀಗದ ಅಂಗಡಿಗಳು ಒಂದೂ ಇಲ್ಲ.

ನಾನು ಪಾಯಪ್ಪಣ್ಣನ ಡೀಸೆಲ್ ಡಿಪೋದಲ್ಲಿ ಕ್ಯಾಶ್ ಕಿಟಕಿಯ ಹಿಂದೆ ಕೂರುವವಳು. ಊರಿಗೆಲ್ಲ ನಾನು ಕ್ಯಾಶಕ್ಕ. ಡಿಪೋ ಇರುವುದು ದಿನ್ನೆಯ ಮೇಲೆ. ಡೀಸೆಲ್ ಬೇಕಾದವರೆಲ್ಲ ಇರುವುದು ಕೆಳಗೆ, ಹೊಳೆಯ ದಂಡೆಯಲ್ಲಿ: ಹಿಟ್ಟಿನ ಗಿರಣಿ, ಕಲ್ಲಿನ ಕ್ರಷರ್, ಟಾಕೀಸಿನ ಜನರೇಟರ್, ಮೀನಿನವರಿಗೆ ಮಂಜುಗಡ್ಡೆ ಮಾಡಿಕೊಡುವ ಐಸ್ ಪ್ಲಾಂಟು. ಬೆಳಿಗ್ಗೆ ಟ್ಯಾಂಕರುಗಳು ಎಣ್ಣೆ ಹೊತ್ತು ಇಳಿಯುತ್ತವೆ, ಸಂಜೆ ದುಡ್ಡು ಹೊತ್ತು ಹತ್ತುತ್ತವೆ. ಗಿರಾಕಿ ತನ್ನ ಕೈಯಿಂದಲೇ ಹಣವನ್ನು ಕಂಪನಿಯ ಕ್ಯಾನ್ವಾಸ್ ಚೀಲಕ್ಕೆ ಹಾಕಬೇಕು, ಡ್ರೈವರು ಮುಟ್ಟಬಾರದು, ಎಣಿಸಬಾರದು, ಬರೀ ಚೀಲ ಹಿಡಿದು ನಿಲ್ಲಬೇಕು. ಇದು ಪಾಯಪ್ಪಣ್ಣನ ತಂದೆಯ ಕಾಲದ ಕಟ್ಟಳೆ. ರಸೀದಿ ಯಾರೂ ಕೇಳುವುದಿಲ್ಲ. ಕಡಿಮೆ ಕೊಟ್ಟರೆ ಉಳಿದದ್ದು ಅವರ ಮನೆಯಲ್ಲೇ ಭಾರವಾಗಿ ಕೂರುತ್ತದೆ, ಜಾಸ್ತಿ ಬಂದರೆ ನಮ್ಮ ಚೀಲ ಹೇಳುತ್ತದೆ. ನೋಟು ಮುಟ್ಟಿದರೆ ಸಾಕು, ಎಲ್ಲಿಂದ ಬಂತು ಅಂತ ನನಗೆ ತಿಳಿಯುತ್ತಿತ್ತು. ಗಿರಣಿಯದಕ್ಕೆ ರಾಗಿಹಿಟ್ಟು, ಕ್ರಷರಿನದಕ್ಕೆ ಕಲ್ಲುಪುಡಿ. ಐಸ್ ಪ್ಲಾಂಟಿನದು ಸದಾ ಒದ್ದೆ, ಅದನ್ನು ಡ್ರೈವರು ಬಾನೆಟ್ಟಿನ ಮೇಲೆ ಚೀಲ ಇಟ್ಟು ಒಣಗಿಸಿಕೊಂಡು ತರುತ್ತಿದ್ದ.

ಆ ಡ್ರೈವರು ದುಗ್ಗಪ್ಪ. ಐವತ್ತರ ಹತ್ತಿರದ ಗಂಡಸು, ಮದುವೆ ಇಲ್ಲ, ಮಾತು ಕಡಿಮೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವನಲ್ಲ. ನಾನು ಮನೆಯಿಂದ ಉಪ್ಪಿಟ್ಟು ತಂದು ಕೊಟ್ಟರೆ ಮಾರನೆಯ ದಿನ ಆ ಡಬ್ಬಿಯಲ್ಲಿ ಅಷ್ಟೇ ರವೆ ತುಂಬಿಕೊಂಡು ಬರುತ್ತಿದ್ದ. ಹಬ್ಬಕ್ಕೆ ಪಾಯಪ್ಪಣ್ಣ ಡ್ರೈವರುಗಳಿಗೆಲ್ಲ ಇನಾಮು ಕೊಟ್ಟರೆ ಇವನು ಮಾತ್ರ ಟ್ಯಾಂಕರಿನ ಕೆಳಗೆ ಮಲಗಿ ಏನೋ ರಿಪೇರಿ ಮಾಡುತ್ತಿರುತ್ತಿದ್ದ. ಕಾರಣ ಊರಿಗೆಲ್ಲ ಗೊತ್ತಿತ್ತು. ಅವನ ಅಪ್ಪ ದೋಣಿಕಟ್ಟೆಯಲ್ಲಿ ಸುಂಕ ವಸೂಲಿಗಿದ್ದವನು. ವರ್ಷ ವರ್ಷಕ್ಕೂ ಬಗ್ಗುತ್ತಾ ಹೋದ. ಬೆನ್ನುನೋವು ಅನ್ನುತ್ತಿದ್ದ, ಜನ ಹೂಂ ಅನ್ನುತ್ತಿದ್ದರು. ಸತ್ತ ದಿನ ಆರು ಜನ ಸೇರಿದರೂ ಚಟ್ಟ ನೆಲ ಬಿಟ್ಟು ಏಳಲಿಲ್ಲ. ಕೊನೆಗೆ ಯಾರೋ ಹಿರಿಯರು ಹೆಣದ ಸೊಂಟಕ್ಕೆ ಕೈ ಹಾಕಿ ಒಂದು ಚರ್ಮದ ಚೀಲ ಬಿಚ್ಚಿ, ಕೈಯಿಂದ ಎತ್ತಲಾಗದೆ ನೆಲದ ಮೇಲೆ ಉರುಳಿಸಿದರು. ಆಮೇಲೆ ನಾಲ್ಕೇ ಜನ ಹೊತ್ತುಕೊಂಡು ಹೋದರು. ಆಗ ಮುಂದೆ ಬೆಂಕಿ ಹಿಡಿದು ನಿಂತಿದ್ದವನು ದುಗ್ಗಪ್ಪ.

ಇಂಥ ದುಗ್ಗಪ್ಪ ಊರಲ್ಲಿ ಒಂದೇ ಒಂದು ಕಡೆ ಕೂರುತ್ತಿದ್ದ. ಪ್ರತಿ ಗುರುವಾರ ಐಸ್ ಪ್ಲಾಂಟಿನ ತೊಟ್ಟಿಗೆ ಪೈಪು ಹಚ್ಚಿದ ಮೇಲೆ ಡೀಸೆಲ್ ಪೂರ್ತಿ ಇಳಿಯುವುದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಒಳಗೆ ಖಾಸಿಂ ಸಾಬರ ಮಂಚದ ಹತ್ತಿರ ಕೂತು ಕವಡೆಯ ಚೌಕಾಬಾರ ಆಡುತ್ತಿದ್ದ. ಆ ಆಟದಲ್ಲಿ ಬಾರ ಅಂದರೆ ಎಂಟು, ಎಲ್ಲಕ್ಕಿಂತ ದೊಡ್ಡ ಗರ. ಪ್ಲಾಂಟು ಕಟ್ಟಿದವರು ಖಾಸಿಂ ಸಾಬರೇ. ಐಸಿನ ದಿಮ್ಮಿ ಸೊಂಟದ ಮೇಲೆ ಬಿದ್ದು ಕಾಲು ಹೋದ ಮೇಲೆ ಮಂಚ ಹಿಡಿದರು, ಯಜಮಾನಿಕೆ ಹೆಂಡತಿ ಹವ್ವಾಬಿಯದಾಯಿತು. ಆಟಕ್ಕೆ ಒಂದು ರೂಪಾಯಿ ಪಣ. ಗೆಲ್ಲುವವರು ಯಾವಾಗಲೂ ಖಾಸಿಂ ಸಾಬರು. ದುಗ್ಗಪ್ಪ ಅಲ್ಲೇ ಒಂದು ರೂಪಾಯಿಯ ನಾಣ್ಯ ತೆಗೆದು ಮಂಚದ ಮೇಲಿಟ್ಟು ಎದ್ದು ಬರುತ್ತಿದ್ದ. ಸೋತದ್ದಕ್ಕೆ ಅವನಿಗೆ ಬೇಜಾರೇ ಇರಲಿಲ್ಲ. ಕಿಟಕಿಯಲ್ಲಿ ಚೀಲ ಕೊಡುವಾಗ ಅವನು ನನ್ನೊಂದಿಗೆ ತಾನಾಗಿ ಆಡುತ್ತಿದ್ದ ಮಾತು ಅದೊಂದೇ. "ಇವತ್ತೂ ಬಾರದ ಮೇಲೆ ಬಾರ ಹಾಕಿದ್ರು ಕ್ಯಾಶಕ್ಕ. ಕವಡೇನ ಹೊದಿಕೆ ಒಳಗೆ ಬೆಚ್ಚಗೆ ಮಾಡಿ ಎಸೆದ್ರು ಅಂದ್ರೆ, ಅವು ಅವರ ಮಾತು ಕೇಳ್ತವೆ. ಅಂಥಾ ಕೈ ಈ ಸೀಮೇಲೇ ಇಲ್ಲ."

ಚಳಿಗಾಲ ಮುಗಿಯುವ ಹೊತ್ತಿಗೆ ಖಾಸಿಂ ಸಾಬರು ತೀರಿಕೊಂಡರು. ಮಣ್ಣಿಗೆ ದುಗ್ಗಪ್ಪ ಟ್ಯಾಂಕರನ್ನು ದಾರಿಯಲ್ಲೇ ನಿಲ್ಲಿಸಿ ಹೋಗಿದ್ದ. ಅದಾದ ಮೇಲೆ ಗುರುವಾರಗಳಲ್ಲಿ ಐಸ್ ಪ್ಲಾಂಟಿಗೆ ಹೋಗಿ ಪೈಪು ಹಚ್ಚಿ, ಹೊರಗೆ ಚಕ್ರದ ಹತ್ತಿರವೇ ನಿಂತಿದ್ದು, ಹವ್ವಾಬಿ ಚೀಲಕ್ಕೆ ಹಣ ಹಾಕಿದ ಕೂಡಲೇ ಹೊರಟು ಬರುತ್ತಿದ್ದ. ಒಳಗೆ ಹೋಗಲು ಅವನಿಗೆ ಕಾರಣವಿರಲಿಲ್ಲ, ಒಬ್ಬಳೇ ಇದ್ದ ಹೆಂಗಸನ್ನು ಕಾರಣವಿಲ್ಲದೆ ಮಾತಾಡಿಸುವ ಅಭ್ಯಾಸವೂ ಇರಲಿಲ್ಲ. ಕಿಟಕಿಯಲ್ಲಿ ನನ್ನ ಹತ್ತಿರವೂ ಮಾತು ನಿಂತಿತು.

ಹೀಗಿರುವಾಗ ಒಂದು ಗುರುವಾರ ಹವ್ವಾಬಿ ಅವನನ್ನು ಒಳಗೆ ಕರೆದರು. "ದುಗ್ಗಪ್ಪ, ಮಂಚದ ಕೆಳಗೆ ಒಂದು ಗಂಟಿದೆ ನೋಡಪ್ಪ. ನನಗೆ ಸೊಂಟ ಬಗ್ಗೋದಿಲ್ಲ. ಎಳೆದು ನಿನ್ನ ಚೀಲಕ್ಕೆ ಹಾಕ್ಕೋ, ಡೀಸೆಲ್ ಹಣದ ಜೊತೆಗೇ ಇರಲಿ." ಡ್ರೈವರು ಹಣ ಮುಟ್ಟಬಾರದು ಅಂತ ಅವನು ಅನುಮಾನಿಸಿದ. "ನಾನು ಹೇಳ್ತಿದೀನಲ್ಲ, ಹಾಕ್ಕೋ," ಅಂದರು. ಅವನು ಬಗ್ಗಿ, ಹಳೆಯ ಲುಂಗಿಯ ತುಂಡಿನಲ್ಲಿ ಕಟ್ಟಿದ್ದ ಆ ಗಂಟನ್ನು ಒಂದೇ ಕೈಯಲ್ಲಿ ಎಳೆದು ಚೀಲಕ್ಕೆ ಹಾಕಿಕೊಂಡ. ಹವ್ವಾಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಗಂಡನ ನೆನಪಾಗಿರಬೇಕು ಅಂದುಕೊಂಡು ಅವನು ತಲೆ ತಗ್ಗಿಸಿ ಹೊರಗೆ ಬಂದ.

ದಿನ್ನೆಯ ಏರು ಸಂತೆಬೀದಿಯ ನಡುವೆಯೇ ಹಾದು ಹೋಗುತ್ತದೆ. ಖಾಲಿ ಟ್ಯಾಂಕರು ಅದನ್ನು ಹಾಡಿಕೊಂಡು ಹತ್ತಬೇಕು. ಅವತ್ತು ಸಂಜೆ ಚೀಲ ಪಕ್ಕದ ಸೀಟಿನ ಮೇಲಿತ್ತು; ಅರ್ಧ ಏರಿನಲ್ಲಿ ಎಂಜಿನ್ನು ಏದುಸಿರು ಬಿಟ್ಟಿತು. ದುಗ್ಗಪ್ಪ ಗೇರು ಇಳಿಸಿದ. ಚಕ್ರ ಅಲ್ಲಲ್ಲೇ ತಿರುಗಿ ಕಪ್ಪು ಹೊಗೆ ಎದ್ದಿತು. ಟ್ಯಾಂಕರು ಒಂದು ಮೊಳ ಮುಂದೆ ಹೋಗಿ ಎರಡು ಮೊಳ ಹಿಂದೆ ಜಾರಿತು. ಬಾಳೆಹಣ್ಣಿನವಳು ಗಾಡಿ ಪಕ್ಕಕ್ಕೆ ಎಳೆದುಕೊಂಡಳು. ಸಲೂನಿನಿಂದ ಅರ್ಧ ಗಡ್ಡದ ಒಬ್ಬ ಎದ್ದು ಹೊರಗೆ ಬಂದ. ನಮ್ಮ ಊರಿನಲ್ಲಿ ಖಾಲಿ ಟ್ಯಾಂಕರು ಏರು ಹತ್ತಲಿಲ್ಲ ಅಂದರೆ ಯಾರೂ ಎಂಜಿನ್ನಿನ ಬಗ್ಗೆ ಕೇಳುವುದಿಲ್ಲ. "ಅಪ್ಪನ ಮಗ ಕಣ್ರೋ," ಅಂತ ಯಾರೋ ಅಂದರು. ಮೆಲ್ಲಗೇ ಅಂದದ್ದು, ಆದರೆ ಅಷ್ಟು ಸದ್ದಿನಲ್ಲೂ ದುಗ್ಗಪ್ಪನಿಗೆ ಕೇಳಿಸಿತು. ಹಮಾಲರು ಹಿಂದಿನಿಂದ ಭುಜ ಕೊಟ್ಟು ನೂಕಿ ಅಂತೂ ಮೇಲಕ್ಕೆ ತಲುಪಿಸಿದರು. ಅವನು ಇಳಿದು ಒಬ್ಬೊಬ್ಬರಿಗೂ ಕೂಲಿ ಕೊಟ್ಟ. ಅವರು ಅವನ ಮುಖ ನೋಡದೆ ತೆಗೆದುಕೊಂಡರು.

ನನ್ನ ಕಿಟಕಿಗೆ ಬಂದು ಚೀಲ ಇಟ್ಟ. ಇಟ್ಟು ಕೈ ತೆಗೆದ ಕೂಡಲೇ ಕೌಂಟರಿನ ಹಲಗೆ ಚಟ್ಟಂತ ಸೀಳಿ, ಚೀಲ ನನ್ನ ಕಾಲಿನ ಪಕ್ಕಕ್ಕೆ ಧೊಪ್ಪನೆ ಬಿತ್ತು. ನಾನು ಎತ್ತಲು ಹೋದೆ, ಅಲುಗಲಿಲ್ಲ. ಸದ್ದಿಗೆ ಪಾಯಪ್ಪಣ್ಣ ಒಳಗಿನಿಂದ ಬಂದರು. ದುಡ್ಡಿನ ವಿಷಯದಲ್ಲಿ ಖಡಕ್ಕು ಮನುಷ್ಯ, ಆದರೆ ದುಗ್ಗಪ್ಪನನ್ನು ಇಪ್ಪತ್ತರ ವಯಸ್ಸಿನಿಂದ ಕಂಡವರು. ಪಂಚೆ ಎತ್ತಿ ಕಟ್ಟಿ ಎರಡೂ ಕೈಯಲ್ಲಿ ಚೀಲ ಹಿಡಿದು ಎಳೆದರು. ಮುಖ ಕೆಂಪಾಯಿತೇ ಹೊರತು ಚೀಲ ಮೇಲೇಳಲಿಲ್ಲ.

"ನಮ್ಮ ದುಡ್ಡಲ್ಲ ಇದು," ಅಂದರು ಉಸಿರು ಬಿಡುತ್ತಾ. "ಇದರೊಳಗೆ ಯಾರದೋ ಸೇರಿಕೊಂಡಿದೆ. ದುಗ್ಗಾ, ಒಳಗೆ ಬಾ. ನೀನು ಎತ್ತು."

"ನಾನ್ಯಾಕೆ ಸ್ವಾಮಿ?"

"ಇಲ್ಲೀತನಕ ತಂದವನು ನೀನೇ ಅಲ್ವಾ? ಎತ್ತು ಅಂದೆ."

ದುಗ್ಗಪ್ಪ ಬಂದು ಎರಡು ಬೆರಳಿನಲ್ಲಿ ಚೀಲ ಎತ್ತಿದ. ಸೊಪ್ಪಿನ ಕಟ್ಟು ಎತ್ತಿದ ಹಾಗೆ. ಮೂವರೂ ಅದನ್ನೇ ನೋಡುತ್ತಾ ನಿಂತೆವು.

"ನಿನ್ನದೇ ಕಣೋ," ಅಂದರು ಪಾಯಪ್ಪಣ್ಣ. ದನಿ ಮೆತ್ತಗಾಗಿತ್ತು. "ನಿನ್ನ ದುಡ್ಡನ್ನ ನಮ್ಮ ಚೀಲದಲ್ಲಿ ಯಾಕಿಟ್ಟೆ?"

"ನನ್ನದಲ್ಲ. ನನ್ನ ದುಡ್ಡು ನನ್ನ ಜೇಬಲ್ಲಿದೆ. ಇದರೊಳಗೆ ಒಂದು ಗಂಟಿದೆ, ಹವ್ವಾಬಿ ಹಾಕಿಸಿದ್ದು." ಚೀಲವನ್ನು ನೆಲಕ್ಕಿಟ್ಟು ಹಿಂದೆ ಸರಿದ. "ಯಾರದೋ ಏನೋ ನಂಗೆ ಬೇಡ. ಬೀದಿ ಪೂರ್ತಿ ನೋಡ್ತು ಸ್ವಾಮಿ. ಮೂವತ್ತು ವರ್ಷ ತಲೆ ಎತ್ತಿ ಹತ್ತಿದ ಏರು." ಸೊಂಟದಿಂದ ಟ್ಯಾಂಕರಿನ ಬೀಗದಕೈ ಬಿಚ್ಚಿ, ಸೀಳಿದ ಹಲಗೆಯ ಮೇಲೆ ಇಟ್ಟ.

ಪಾಯಪ್ಪಣ್ಣ ಅದನ್ನು ತೆಗೆದು ಮತ್ತೆ ಅವನ ಜೇಬಿಗೇ ಹಾಕಿದರು. "ಇದು ನನ್ನ ಬೀಗದಕೈ. ನಾನು ಕೇಳಿದಾಗ ಕೊಡು. ಕ್ಯಾಶಕ್ಕ, ಚೀಲ ಬಿಚ್ಚಮ್ಮ."

ಬಿಚ್ಚಿದೆ. ಗಿರಣಿಯ ನೋಟು, ಕ್ರಷರಿನ ನೋಟು, ಐಸ್ ಪ್ಲಾಂಟಿನ ಒದ್ದೆ ನೋಟು, ಎಲ್ಲವೂ ಸುಲಭವಾಗಿ ಬಂದವು. ತಳದಲ್ಲಿ ಆ ಗಂಟು ಮಾತ್ರ ಉಳಿಯಿತು. ದುಗ್ಗಪ್ಪನೇ ಅದನ್ನು ಎತ್ತಿ ಬಿಚ್ಚಬೇಕಾಯಿತು. ಬರೀ ಒಂದು ರೂಪಾಯಿಯ ನಾಣ್ಯಗಳು, ರಾಶಿ. ಕೆಲವು ಹಸಿರುಗಟ್ಟಿದ್ದವು. ಅವನು ನಾಣ್ಯ ನೋಡಲಿಲ್ಲ, ಬಟ್ಟೆ ನೋಡಿದ. ನೀಲಿ ಚೌಕಳಿಯ ಲುಂಗಿ. "ಖಾಸಿಂ ಸಾಬರದು," ಅಂದ.

ಹಣದ ವಿಷಯಕ್ಕೆ ಸಾಕ್ಷಿ ಬೇಕು ಅಂತ ಮಾರನೆಯ ಬೆಳಿಗ್ಗೆ ಪಾಯಪ್ಪಣ್ಣ ನನ್ನನ್ನೂ ಅವನ ಜೊತೆ ಕಳಿಸಿದರು. ದುಗ್ಗಪ್ಪ ಟ್ಯಾಂಕರು ತೆಗೆಯಲಿಲ್ಲ. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಇಳಿದ, ನಾನು ಹಿಂದೆ. ಸಂತೆಬೀದಿಯವರು ಮಾತು ನಿಲ್ಲಿಸಿ ನೋಡಿದರು. ಐಸ್ ಪ್ಲಾಂಟಿನ ಮುಂದೆ ಮೀನಿನ ಗಾಡಿಗಳು ನಿಂತಿದ್ದವು. ಹವ್ವಾಬಿ ಕೊಕ್ಕೆಯಲ್ಲಿ ದಿಮ್ಮಿ ಎಳೆಸುತ್ತಿದ್ದರು. ನಮ್ಮನ್ನು, ಅದಕ್ಕಿಂತ ಮೊದಲು ಆ ಗಂಟನ್ನು ನೋಡಿ, ಕೊಕ್ಕೆಯನ್ನು ಕೆಲಸದವನ ಕೈಗೆ ಕೊಟ್ಟು ಒಳಗೆ ನಡೆದರು.

"ಡೀಸೆಲ್ ರೇಟು ಏರಿದೆ ಅಂದ್ರು, ಅದಕ್ಕೆ ಜಾಸ್ತಿ ಹಾಕಿದೆ," ಅಂದರು ನಮ್ಮತ್ತ ತಿರುಗದೆ.

"ರೇಟು ಏರಿಲ್ಲ ಹವ್ವಾಬಿ," ಅಂದೆ ನಾನು. "ಏರಿದ್ರೆ ಮೊದಲು ನಾನೇ ಹೇಳ್ತಿರಲಿಲ್ವಾ?"

ಅವರು ಮಂಚದ ತುದಿಯಲ್ಲಿ ಕೂತರು. ಆಗ ನೋಡಿದೆ: ಮಂಚದ ತಲೆಯ ಕಡೆಯ ಕಾಲು ಎರಡೂ ಗಾರೆಯ ನೆಲದಲ್ಲಿ ಗೇಣುದ್ದ ಹೂತುಹೋಗಿದ್ದವು. ನೆಲ ಒಡೆದು ಸುತ್ತ ಬಿರುಕು ಬಿಟ್ಟಿತ್ತು. ನಮ್ಮ ಊರಿನವರಿಗೆ ಅಂಥದ್ದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

"ಈ ಗಂಟನ್ನ ಅವರು ತಲೆದಿಂಬಿನ ಕೆಳಗೆ ಇಟ್ಕೊಂಡಿದ್ರು," ಅಂದರು ಹವ್ವಾಬಿ. "ಮಂಚ ಇಳೀತಾ ಇಳೀತಾ ಬಂತು. ಕೊನೆಗೆ ಹುರಿ ಹರಿದು ಗಂಟು ಕೆಳಗೆ ಬಿತ್ತು, ಅಲ್ಲಿಂದ ಯಾರಿಗೂ ಎತ್ತೋಕೆ ಆಗಲಿಲ್ಲ. ದುಗ್ಗಪ್ಪ, ನಿನ್ನೆ ನೀನು ಅದನ್ನ ಎಳೆದೆ ನೋಡು, ಆಗ ನಂಗೆ ಖಾತ್ರಿ ಆಯ್ತು. ಅದಕ್ಕೆ ಮುಂಚೆ ಬರೀ ಅವರ ಬಾಯಿಮಾತು."

ದುಗ್ಗಪ್ಪ ನಿಂತೇ ಇದ್ದ. "ನಾನು ಸೋತ ದುಡ್ಡು ಇದು. ಗೆದ್ದವರದು. ನನಗೆ ಹೇಗೆ ಹಗುರವಾಗ್ತದೆ?"

ಹವ್ವಾಬಿ ಗೂಡಿನಿಂದ ಒಂದು ನಶ್ಯದ ಡಬ್ಬಿ ತೆಗೆದು, ನಾಲ್ಕು ಕವಡೆಗಳನ್ನು ಅವನ ಅಂಗೈಗೆ ಸುರಿದರು. ಅವನು ಮಗುಚಿ ನೋಡಿದ. ಕವಡೆಗಳ ಹೊಟ್ಟೆಯೊಳಗೆ ಸೀಸ ಕರಗಿಸಿ ತುಂಬಿತ್ತು. ಒಮ್ಮೆ ಮಂಚದ ಮೇಲೆ ಎಸೆದ. ಬಾರ. ಮತ್ತೊಮ್ಮೆ ಎಸೆದ. ಬಾರ. ಮೂರನೆಯ ಸಲ ನೋಡದೆ ಎಸೆದ, ನಾನು ನೋಡಿದೆ, ಅದೂ ಬಾರ.

"ಹೊದಿಕೆ ಒಳಗೆ," ಅಂದ. ಅಷ್ಟೇ.

"ಹೌದಪ್ಪ. ಹೊದಿಕೆ ಒಳಗೆ ಬದಲಾಯಿಸ್ತಿದ್ರು."

ಹೊರಗೆ ದಿಮ್ಮಿ ಕತ್ತರಿಸುವ ಗರಗಸ ಕುಯ್ಯೋ ಅಂತ ಕೂಗಿ ನಿಂತಿತು. ದುಗ್ಗಪ್ಪನ ಮುಖ ಇಳಿದುಹೋಗಿತ್ತು. ಅಪ್ಪ ಸತ್ತ ಮೇಲೆ ಅವನು ಮನಸಾರೆ ದೊಡ್ಡವರು ಅಂದುಕೊಂಡಿದ್ದು ಈ ಒಬ್ಬರನ್ನೇ ಅಂತ ನನಗೆ ಗೊತ್ತಿತ್ತು. "ಒಂದು ರೂಪಾಯಿಗೆ," ಅಂದ. "ನನ್ನಂಥವನ ಒಂದು ರೂಪಾಯಿ. ಏನು ಕಡಿಮೆ ಇತ್ತು ಅವರಿಗೆ? ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲ."

"ನಾನೂ ಅದನ್ನೇ ಕೇಳ್ದೆ," ಅಂದರು ಹವ್ವಾಬಿ. "ಹಠ ಹಿಡಿದು ಕೇಳ್ದೆ. ನಾಚಿಕೆ ಆಗಲ್ವಾ, ಮಂಚ ಹೂತೋಗ್ತಿದೆ, ಆ ಬಡ ಮನುಷ್ಯಂದು ಕೊಟ್ಟುಬಿಡಿ ಅಂದೆ. ನಕ್ಕರು. ಕೆಮ್ಮು ಬರೋ ತನಕ ನಕ್ಕರು. ಆಮೇಲೆ ಹೇಳಿದ್ರು: ಹವ್ವಾ, ಅವನು ಒಂದು ಲೋಟ ಚಹಾನೂ ಯಾರ ಹತ್ರಾನೂ ಇಸ್ಕೊಳ್ಳೋನಲ್ಲ. ಒಂದೇ ಒಂದು ಸಲ ನನ್ನ ಹತ್ರ ಒಂದು ರೂಪಾಯಿ ಗೆದ್ದ ಅಂತಿಟ್ಕೋ, ಮಲಗಿರೋ ಮುದುಕನ ದುಡ್ಡು ತಗೊಂಡೆ ಅಂತ ಮುಂದಿನ ವಾರದಿಂದ ಹೊರಗೇ ನಿಂತ್ಕೋತಾನೆ. ಸೋತ್ರೆ ಮಾತ್ರ ಬರ್ತಾನೆ. ಭಾರ ಅಲ್ವಾ, ಇರಲಿ ಬಿಡು, ನನಗೇನು ಎದ್ದು ಓಡಾಡೋದಿದೆಯಾ, ಅಂದ್ರು."

ದುಗ್ಗಪ್ಪ ಮಂಚದ ಮೇಲೆ ಕೂತುಬಿಟ್ಟ. ಮಂಚ ಕಿರುಗುಟ್ಟಿತು. ಕವಡೆಗಳನ್ನು ಅಂಗೈಯಲ್ಲಿ ಆಡಿಸತೊಡಗಿದ. ಅಳುತ್ತಾನೆ ಅಂದುಕೊಂಡೆ, ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಭುಜ ಅಲುಗತೊಡಗಿತು. ನಗುತ್ತಿದ್ದ. "ಕಳ್ಳ ಮುದುಕ," ಅಂದ. ಸತ್ತವರನ್ನು ಹಾಗೆ ಅನ್ನಬಾರದು ಅಂತ ನಾನು ಹವ್ವಾಬಿಯ ಮುಖ ನೋಡಿದೆ. ಅವರೂ ಸೆರಗಿನ ಮರೆಯಲ್ಲಿ ನಗುತ್ತಿದ್ದರು. "ನಂಗೆ ಹೇಳೋಕೆ ಬಾಯಿ ಬರಲಿಲ್ಲಪ್ಪ," ಅಂದರು. "ನೀನು ಅವರನ್ನ ಅಷ್ಟು ಹೊಗಳ್ತಿದ್ದೆ ಅಂತ ಎಲ್ಲರೂ ಹೇಳ್ತಿದ್ರು. ಅದನ್ನ ಕೆಡಿಸಬಾರದು ಅಂತ ಚೀಲಕ್ಕೆ ಹಾಕಿಸಿದೆ. ಡಿಪೋದಲ್ಲಿ ಏನೋ ಲೆಕ್ಕ ಮಾಡಿ ನಿನಗೆ ಮುಟ್ಟಿಸ್ತಾರೆ ಅಂದ್ಕೊಂಡೆ. ಬೀದೀಲಿ ನಿನ್ನ ಮರ್ಯಾದೆ ಹೋಗ್ತದೆ ಅಂತ ನಂಗೆ ಹೊಳೀಲೇ ಇಲ್ಲ."

ಮರ್ಯಾದೆಯ ವಿಷಯವನ್ನು ಹವ್ವಾಬಿಯೇ ಸರಿ ಮಾಡಿದರು. ಅವತ್ತು ಬಂದ ಒಬ್ಬೊಬ್ಬ ಮೀನಿನವನಿಗೂ ಐಸಿನ ಜೊತೆಗೆ ಈ ಕಥೆಯನ್ನೂ ಹೇಳಿ ಕಳಿಸಿದರು. ಗಂಡ ಮೋಸಗಾರ ಅಂತ ತಾವಾಗಿ ಊರಿಗೆಲ್ಲ ಹೇಳುವುದು ಸುಲಭವಲ್ಲ. ಅವರು ಅದನ್ನು ನಗುತ್ತಾ ಹೇಳಿದರು, ಊರೂ ನಗುತ್ತಲೇ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಹಮಾಲರು ಡಿಪೋಕ್ಕೆ ಬಂದು, ನಿನ್ನೆಯ ಕೂಲಿ ಕೈಯಲ್ಲಿ ಭಾರವಾಗುತ್ತಿದೆ ಅಂತ ಸುಳ್ಳು ಹೇಳಿ ದುಗ್ಗಪ್ಪನಿಗೆ ವಾಪಸ್ ಕೊಡಲು ನೋಡಿದರು. ಅವನು ಇಸ್ಕೊಳ್ಳಲಿಲ್ಲ. ಆ ಗಂಟಿನ ದುಡ್ಡಿನಲ್ಲಿ ಮುಂದೆ ಅವನು ಟ್ಯಾಂಕರಿಗೆ ಒಂದು ರೇಡಿಯೋ ಹಾಕಿಸಿದ. ತನಗಾಗಿ ಅವನು ಏನಾದರೂ ಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಅದಕ್ಕೂ ಮುಂಚೆ, ಅಂದು ಐಸ್ ಪ್ಲಾಂಟಿನಿಂದ ಹೊರಡುವಾಗ, ಅವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಕಂಕುಳಲ್ಲಿ ನಾಣ್ಯಗಳ ಗಂಟು ಹಾಗೇ ಇತ್ತು.

"ಹವ್ವಾಬಿ," ಅಂದ. "ಒಂದು ರೂಪಾಯಿ ಕೈಗಡ ಬೇಕಿತ್ತು."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಹವ್ವಾಬಿ ಒಂದು ಕ್ಷಣ ಅವನನ್ನೂ ಗಂಟನ್ನೂ ನೋಡಿದರು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಒಂದು ರೂಪಾಯಿ ತೆಗೆದು ಅವನ ಅಂಗೈಯ ಮೇಲೆ ಇಟ್ಟರು. "ಯಾವಾಗ ತೀರಿಸ್ತೀ?"

"ಗುರುವಾರ ಬಂದು ಮಾತಾಡ್ತೀನಿ," ಅಂದ ದುಗ್ಗಪ್ಪ. ಅದನ್ನು ಅಂಗಿಯ ಎಡಜೇಬಿಗೆ ಹಾಕಿಕೊಂಡ.

ಗುರುವಾರ ಪೈಪು ಹಚ್ಚಿ ಒಳಗೆ ಹೋದ. ಸಾಲಗಾರ ಸಾಲ ಕೊಟ್ಟವರ ಮನೆಯ ಹೊರಗೆ ನಿಲ್ಲುವಂತಿಲ್ಲವಲ್ಲ. ಹವ್ವಾಬಿ ಚಹಾ ಕೊಟ್ಟರು. ಈ ವಾರ ಕೈ ಬಿಗಿ, ಮುಂದಿನ ವಾರ ನೋಡೋಣ ಅಂದನಂತೆ. ಮುಂದಿನ ವಾರವೂ ಹಾಗೇ. ಪಗಾರ ಆದ ವಾರವೂ ಹಾಗೇ. ಸಂಜೆ ಕಿಟಕಿಗೆ ಬಂದಾಗ ಮಾತು ಮತ್ತೆ ಶುರುವಾಯಿತು: ಹವ್ವಾಬಿ ಹೊಸ ಕಂಪ್ರೆಸರ್ ತರಿಸುತ್ತಿದ್ದಾರೆ, ಹವ್ವಾಬಿಗೆ ಸಕ್ಕರೆ ಕಾಯಿಲೆ ಅಂತೆ, ಹೇಳಿದರೂ ಬೆಲ್ಲ ಬಿಡುವುದಿಲ್ಲ. ಹೀಗೆ ಮಳೆಗಾಲ ಕಳೆದು ಮತ್ತೆ ಚಳಿ ಬಂತು. ದುಗ್ಗಪ್ಪನ ಎಡಭುಜ ಇಳಿದುಹೋಗಿತ್ತು. ಟೈಲರು ಆ ಜೇಬಿಗೆ ಒಳಗಿನಿಂದ ಚರ್ಮ ಹೊಲಿದುಕೊಟ್ಟಿದ್ದ. ಟ್ಯಾಂಕರು ಏರಿನಲ್ಲಿ ಏದುಸಿರು ಬಿಟ್ಟುಕೊಂಡು, ರೇಡಿಯೋ ಹಾಡಿಸಿಕೊಂಡು, ಎಡಕ್ಕೆ ವಾಲಿ ಹತ್ತುತ್ತಿತ್ತು. ಸಂತೆಬೀದಿಯವರು ಅದು ಬರುವ ಮುಂಚೆಯೇ ಗಾಡಿಗಳನ್ನು ಬಲಕ್ಕೆ ಸರಿಸಿಕೊಳ್ಳುವುದನ್ನು ರೂಢಿಮಾಡಿಕೊಂಡರು.

ವರ್ಷದ ಲೆಕ್ಕ ನೋಡುವ ದಿನ ಪಾಯಪ್ಪಣ್ಣ ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಕೂತರು. ದುಗ್ಗಪ್ಪನ ಟ್ಯಾಂಕರು ಉಳಿದವುಗಳಿಗಿಂತ ಎಷ್ಟೋ ಜಾಸ್ತಿ ಡೀಸೆಲ್ ಕುಡಿದಿತ್ತು. ಬೆರಳಿಟ್ಟು ನೋಡಿದರು. ಕಾರಣ ಅವರಿಗೂ ಗೊತ್ತು, ನನಗೂ ಗೊತ್ತು.

"ಒಂದು ರೂಪಾಯಿ ಸಾಲಕ್ಕೆ ನನ್ನ ಡಿಪೋ ಮುಳುಗಿಸ್ತಾನೆ ಇವನು," ಅಂದರು. "ಹೇಳ್ಲಾ ಅವನಿಗೆ, ತೀರಿಸಿಬಿಡು ಅಂತ?"

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಅಂಗಳದಲ್ಲಿ ದುಗ್ಗಪ್ಪ ಟ್ಯಾಂಕರಿನ ಬಾಗಿಲು ತೆರೆದು, ಎಡಗೈಯಿಂದ ಜೇಬನ್ನು ಕೆಳಗಿನಿಂದ ಹಿಡಿದುಕೊಂಡು ಮೇಲೆ ಹತ್ತುತ್ತಿದ್ದ. ಅದು ಗುರುವಾರ. ಪಾಯಪ್ಪಣ್ಣ ಕಿಟಕಿಯಿಂದ ಸ್ವಲ್ಪ ಹೊತ್ತು ಅವನನ್ನೇ ನೋಡಿದರು.

"ಬೇಡ ಬಿಡು. ಖರ್ಚಿಗೆ ಬರ್ಕೋ."

"ಯಾವ ಬಾಬ್ತು ಅಂತ ಬರೀಲಿ ಅಣ್ಣ?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಯೋಚಿಸಿದರು. "ಟೈರಿಗೆ ಗಾಳಿ ಅಂತ ಬರಿ," ಅಂದರು. ನಾನು ಹಾಗೇ ಬರೆದೆ.